ಗೈರುಹಾಜರಾದ ಬಣ್ಣ

"ನಿಮ್ಮ ಮಗಳು ಏನು ಓದ್ತಿದ್ದಾಳೆ?" ಎಂದು ಯಾರಾದರೂ ಕೇಳಿದರೆ ನನಗೆ ಓದದೇ ಪರೀಕ್ಷೆಗೆ ಬಂದು ಕೂತ ಹುಡುಗಿಯ ಹಾಗೆ ಆಗುತ್ತದೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಡುತ್ತಿರುವ ಬಾಯಿ ಇದು. ಹಳಗನ್ನಡದ ಎಂಥ ಸಮಾಸವನ್ನಾದರೂ ಬಿಡಿಸಿ ಹೇಳಿಬಿಡುತ್ತದೆ. ಆದರೆ ಮಗಳ ಸಂಶೋಧನೆಯ ವಿಷಯ 'ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಆಧಾರಿತ ಆಪ್ಟಿಕಲ್ ಫೈಬರ್ ಸೆನ್ಸರ್' ಎಂದು ಹೇಳಲು ಹೋದರೆ ಅರ್ಧದಲ್ಲೇ ನಾಲಿಗೆ ತೊಡರುತ್ತದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಬೇಸತ್ತು, "ಅದೇನೋ ಚಿನ್ನದ ಕೆಲಸ ಕಣ್ರೀ" ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ವಾರದೊಳಗೆ ನಮ್ಮ ಬೀದಿಯಲ್ಲೆಲ್ಲ, ಮಿಸ್ಸಿನ ಮಗಳು ಬೆಂಗಳೂರಿನಲ್ಲಿ ಒಡವೆ ಡಿಸೈನು ಕಲಿಯುತ್ತಿದ್ದಾಳೆ ಎಂದು ಸುದ್ದಿ. ಎದುರು ಮನೆಯಾಕೆ, "ನಮ್ಮ ಸೊಸೆಗೊಂದು ಜೊತೆ ಜುಮುಕಿ ಮಾಡಿಸಬೇಕು, ಮಜೂರಿ ಸ್ವಲ್ಪ ಕಮ್ಮಿ ಮಾಡಿಸಿಕೊಡಿ" ಎಂದು ಬಂದೇಬಿಟ್ಟರು.

ಚಿನ್ನದ ಕೆಲಸ ಎಂದದ್ದು ಸುಳ್ಳಂತೂ ಅಲ್ಲ. ಅದು ನನಗೆ ತಿಳಿದದ್ದು ಒಂದು ಅಕ್ಷಯ ತದಿಗೆಯ ದಿನ. ಮಗಳು ಹುಟ್ಟಿದ ವರ್ಷದಿಂದ ಆ ದಿನ ಒಂದೊಂದು ಗ್ರಾಂ ಚಿನ್ನದ ನಾಣ್ಯ ತೆಗೆದಿಡುವುದು ನಮ್ಮ ಮನೆಯ ಪದ್ಧತಿ. ಸಂಬಳ ತಡವಾದ ವರ್ಷ ಕೈಗಡ ಮಾಡಿಯಾದರೂ ತಂದಿದ್ದೇನೆ. ಆ ವರ್ಷ ಮಗಳು ರಜೆಯ ಮೇಲೆ ಬಂದಿದ್ದಳು. ಇಪ್ಪತ್ತೇಳನೆಯ ನಾಣ್ಯವನ್ನು ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಅಮ್ಮ, ಇದನ್ನ ನಾನು ಲ್ಯಾಬಿನಲ್ಲಿ ಹಚ್ಚೋ ದಪ್ಪಕ್ಕೆ ಹರಡಿದರೆ ಎಷ್ಟಗಲ ಆಗುತ್ತೆ ಹೇಳು" ಎಂದಳು. ಅಂಗೈಯಗಲ ಎಂದೆ. ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತುಳಸಿಕಟ್ಟೆಯ ಮುಂದೆ ನಮ್ಮತ್ತೆ ರಂಗೋಲಿ ಹಾಕುವ ಜಾಗ ತೋರಿಸಿದಳು. ಉದ್ದ ಒಂದು ಮೀಟರು, ಅಗಲ ಒಂದು ಮೀಟರು. "ಇಷ್ಟೂ ಮುಚ್ಚುತ್ತೆ" ಎಂದಳು.

ನಾನು ನಂಬಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಲೆಕ್ಕ ಮಾಡಿ ತೋರಿಸಿದಳು. ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಅವಳು ಗಾಜಿಗೆ ಹಚ್ಚುವ ಲೇಪದ ದಪ್ಪ 50 ನ್ಯಾನೋಮೀಟರು. ತಲೆಗೂದಲಿನ ದಪ್ಪವನ್ನು ಸಾವಿರಕ್ಕೂ ಹೆಚ್ಚು ಪದರವಾಗಿ ಸೀಳಿದರೆ ಸಿಗುವ ಒಂದು ಪದರ ಎನ್ನಿ. ಮಿಠಾಯಿಯ ಮೇಲೆ ಅಂಟಿಸುವ ಬೆಳ್ಳಿ ಹಾಳೆ ಅದರ ಮುಂದೆ ಕಂಬಳಿ. ಎಂಬತ್ತೆರಡು ವರ್ಷದ ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟು ತೆಳ್ಳಗಾದರೆ ಅದನ್ನ ಅಡ ಇಟ್ಟುಕೊಳ್ಳೋರು ಯಾರೇ?" ಎಂದರು. ಮೂವರೂ ನಕ್ಕೆವು.

ನಗು ಸಂಜೆಯವರೆಗೆ ಉಳಿಯಲಿಲ್ಲ. ಆಗ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಓದು ಯಾವಾಗ ಮುಗಿಯುತ್ತದೆ ಎಂದು. ಎರಡನೆಯದು, ಚಿನ್ನ ಎಷ್ಟು ಹಾಕುತ್ತೀರಿ ಎಂದು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಸಿಟ್ಟನ್ನು ಮಗಳ ಮೇಲೆ ತೀರಿಸಿದೆ. "ಕಣ್ಣಿಗೆ ಕಾಣದ ಚಿನ್ನ ಬಳಿಯುತ್ತಾ ಕೂತರೆ ಕೊರಳಿಗೆ ಯಾವಾಗ ಹಾಕಿಕೊಳ್ತೀಯ?" ಎಂದುಬಿಟ್ಟೆ. ಮೇಷ್ಟರ ಬಾಯಿಗೆ ಇಂಥ ಮಾತು ಬೇಗ ಸಿಗುತ್ತದೆ, ಅದೇ ಕಷ್ಟ. ಅವಳು ತಿರುಗಿ ಏನೂ ಅನ್ನಲಿಲ್ಲ. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟುಹೋದಳು.

ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನು ಮಾಡುವುದು ಅವಳ ರೂಢಿ. ಮಳೆಗಾಲದಲ್ಲಿ ಒಂದು ಭಾನುವಾರ ಫೋನು ಬರಲಿಲ್ಲ. ಎರಡನೆಯ ಭಾನುವಾರವೂ ಇಲ್ಲ. ನಾನೇ ಮಾಡಿದರೆ, ಕೆಲಸ ಜಾಸ್ತಿ ಎಂದು ಒಂದು ಸಾಲಿನ ಮೆಸೇಜು. ಮೂರನೆಯ ಭಾನುವಾರ ಒಂಬತ್ತೂವರೆಯವರೆಗೆ ಫೋನನ್ನೇ ನೋಡುತ್ತಾ ಕೂತಿದ್ದವಳು ಎದ್ದು, ಡಬ್ಬಿಗೆ ಚಟ್ನಿಪುಡಿ ಕೋಡುಬಳೆ ತುಂಬಿದೆ. "ಇದೇನು ಇದ್ದಕ್ಕಿದ್ದ ಹಾಗೆ?" ಎಂದರು ನಮ್ಮ ಯಜಮಾನರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಡ್ ಮಾಸ್ತರಿಗೆ ಒಂದು ದಿನದ ರಜೆ ಹೇಳಿ ಬೆಳಗಿನ ಬಸ್ಸು ಹತ್ತಿದೆ.

ಮಗಳು ಲ್ಯಾಬಿನ ಬಾಗಿಲಲ್ಲೇ ನನ್ನನ್ನು ಕಂಡು ಗಾಬರಿಯಾದಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ನಾಲ್ಕು ಸಲ ಹೇಳಬೇಕಾಯಿತು. ಸೊರಗಿದ್ದಳು. ನಾನು ಏನನ್ನೂ ಕೇಳಲಿಲ್ಲ, "ನಿನ್ನ ಚಿನ್ನ ತೋರಿಸು" ಎಂದೆ. ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕರೆದುಕೊಂಡು ಹೋದಳು. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಒಂದು ಮೇಜು, ಅದರ ಮೇಲೆ ಒಂದು ಬಿಳಿ ಬಲ್ಬಿನ ಪೆಟ್ಟಿಗೆ, ಅಲ್ಲಿಂದ ಹೊರಟ ಒಂದು ಗಾಜಿನ ಎಳೆ, ಮಧ್ಯದಲ್ಲಿ ಸಣ್ಣದೊಂದು ತೊಟ್ಟಿ, ಆಚೆ ತುದಿಗೆ ಕಂಪ್ಯೂಟರು. ಇಷ್ಟಕ್ಕೆ ಇಷ್ಟು ವರ್ಷವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅವಳು ನನಗೆ ಪಾಠ ಹೇಳಿದಳು. ನನ್ನ ಹತ್ತಿರವೇ ಅಕ್ಷರ ಕಲಿತವಳು! ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ಬೆಳಕು ನೆಟ್ಟಗೆ ಹೋಗುತ್ತದೆ ಎಂದಲ್ಲವೇ ನಾವು ಓದಿದ್ದು? ಆದರೆ ಗಾಜಿನ ಎಳೆಯೊಳಗೆ ಸಿಕ್ಕಿದ ಬೆಳಕು ಅದರ ಗೋಡೆಗೆ ಓರೆಯಾಗಿ ತಾಗಿ, ಹೊರಗೆ ಹೋಗಲಾರದೆ, ಪುಟಿಪುಟಿದು ಮುಂದೆ ಸಾಗುತ್ತದೆ. ಎಳೆ ಬಾಗಿದ ಕಡೆ ಅದೂ ಬಾಗುತ್ತದೆ. 1841ರಲ್ಲಿ ಜಿನೀವಾದ ಕೊಲಡಾನ್ ಎಂಬ ವಿಜ್ಞಾನಿ ತೂತಿನಿಂದ ಚಿಮ್ಮುವ ನೀರಿನ ಧಾರೆಯೊಳಗೆ ಬೆಳಕು ಬಿಟ್ಟು, ಧಾರೆ ಬಾಗಿದಂತೆ ಬೆಳಕೂ ಬಾಗಿ ಬೀಳುವುದನ್ನು ಜನಕ್ಕೆ ತೋರಿಸಿದ್ದನಂತೆ. ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನೇ ದಾಟಿಸಿ 1954ರಲ್ಲಿ ಲಂಡನ್ನಿನಿಂದ ಅದನ್ನು ಪ್ರಕಟಿಸಿದವರು ಇಬ್ಬರು. ಒಬ್ಬರು ಹೆರಾಲ್ಡ್ ಹಾಪ್ಕಿನ್ಸ್, ಇನ್ನೊಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಇವತ್ತು ನಮ್ಮ ಬೀದಿಗಳಲ್ಲಿ ಗುಂಡಿ ತೋಡಿ ಹೂಳುವ ಇಂಟರ್‌ನೆಟ್ಟಿನ ಕೇಬಲ್ಲಿನಲ್ಲಿ ಇರುವುದೂ ಇಂಥ ಎಳೆಗಳೇ. ನನ್ನ ಮಗಳದು ಸ್ವಲ್ಪ ದಪ್ಪ, 0.6 ಮಿಲಿಮೀಟರು. ಗೋಣಿ ಹೊಲಿಯುವ ದಬ್ಬಳಕ್ಕಿಂತ ಬಹಳ ಸಣ್ಣ, ನಮ್ಮ ಹೊಲಿಗೆ ಸೂಜಿಯಷ್ಟು.

ಈ ಎಳೆಯ ಮೇಲೆ ಬೆಳಕನ್ನು ಒಳಗೇ ಇರಿಸಿಕೊಳ್ಳುವ ಒಂದು ಸಿಪ್ಪೆ ಇರುತ್ತದೆ. ಅವಳು ಮಾಡುವುದು ಇಷ್ಟು. ಮಧ್ಯದಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದಕ್ಕೆ ಆ ಸಿಪ್ಪೆ ಸುಲಿದು, ಬರಿಗಾಜಿನ ಮೇಲೆ ಚಿನ್ನ ಬಳಿಯುವುದು. ಗಾಳಿ ಹೀರಿ ತೆಗೆದ ಒಂದು ಪಾತ್ರೆಯೊಳಗೆ ಚಿನ್ನವನ್ನು ಆವಿಯಂತೆ ಹಬ್ಬಿಸಿ ಕೂರಿಸುತ್ತಾರೆ. ಲೆಕ್ಕದ ಪ್ರಕಾರ ನನ್ನ ಒಂದು ಗ್ರಾಂ ನಾಣ್ಯ ಇಂಥ ಐವತ್ತು ಸಾವಿರ ಎಳೆಗೆ ಸಾಕು. ಪಾತ್ರೆಯ ಗೋಡೆಗೆ ಅಂಟಿ ಹಾಳಾಗುವುದೇ ಹೆಚ್ಚು ಎನ್ನುವುದು ಬೇರೆ ಮಾತು.

"ಚಿನ್ನವೇ ಯಾಕೆ? ಬೆಳ್ಳಿ ಅಗ್ಗ ಅಲ್ಲವೇನೇ?" ಎಂದೆ.

"ಬೆಳ್ಳಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಮ್ಮ. ಆದರೆ ನಿನ್ನ ಕಾಲ್ಗೆಜ್ಜೆ ಏನಾಗುತ್ತೆ ನಾಲ್ಕು ತಿಂಗಳಿಗೆ?"

ಕಪ್ಪಾಗುತ್ತದೆ. ಅದು ನನಗೆ ಗೊತ್ತಿದ್ದ ವಿಷಯ. ವಿಜ್ಞಾನದಲ್ಲಿ ನಾನು ಅಷ್ಟೇನೂ ದಡ್ಡಿಯಲ್ಲ ಎನ್ನಿಸಿ ಸಮಾಧಾನವಾಯಿತು.

ಚಿನ್ನದೊಳಗೆ ಎಲೆಕ್ಟ್ರಾನುಗಳು ಜಾತ್ರೆಯ ಜನದ ಹಾಗೆ ಯಾರ ಮನೆಯವೂ ಅಲ್ಲದೆ ಓಡಾಡಿಕೊಂಡಿರುತ್ತವಂತೆ. ತೇರಿನ ಹಗ್ಗಕ್ಕೆ ಕೈಹಾಕಿದ ಜನ ಒಟ್ಟಿಗೆ ಹಿಂದೆ ಮುಂದೆ ತೂಗುವುದಿಲ್ಲವೇ, ಹಾಗೆ ಅವೆಲ್ಲ ಒಂದಾಗಿ ತೂಗಬಲ್ಲವು. ಚಿನ್ನದ ಮೈಮೇಲೆ ಏಳುವ ಆ ಅಲೆಗೆ ಸರ್ಫೇಸ್ ಪ್ಲಾಸ್ಮಾನ್ ಎಂದು ಹೆಸರು. ಗಾಜಿನ ಗೋಡೆಗೆ ತಾಗಿ ಹಿಂದಿರುಗುವ ಬೆಳಕು ಪೂರ್ತಿ ಹಿಂದಿರುಗುವುದಿಲ್ಲ. ಹೊಸಿಲಿನಾಚೆ ಒಮ್ಮೆ ಇಣುಕಿ ಬರುತ್ತದೆ. ಹಾಗೆ ಇಣುಕಿದ ಬೆಳಕಿನಲ್ಲಿ ಒಂದು ಬಣ್ಣದ ಅಲೆಗೂ ಚಿನ್ನದ ಮೈಯ ಅಲೆಗೂ ತಾಳ ಕೂಡಿಬಿಟ್ಟರೆ, ಆ ಬಣ್ಣದ ಶಕ್ತಿಯನ್ನೆಲ್ಲ ಚಿನ್ನ ಹೀರಿಕೊಳ್ಳುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮೆಲ್ಲನೆ ತಳ್ಳಿದರೂ ಮೇಲೇರುತ್ತದಲ್ಲ, ಆ ತಾಳಕ್ಕೇ ರೆಸೊನೆನ್ಸ್ ಎನ್ನುವುದು. ಬಿಳಿ ಬೆಳಕಿನಲ್ಲಿ ಏಳು ಬಣ್ಣವೂ ಹೊರಟಿರುತ್ತವೆ. ಆಚೆ ತುದಿಗೆ ಹೋಗಿ ಎಣಿಸಿದರೆ ಅವುಗಳ ನಡುವೆ ಒಂದು ಛಾಯೆ ಬಂದಿರುವುದಿಲ್ಲ.

"ಆ ಬಾರದ ಬಣ್ಣ ಯಾವುದು ಅನ್ನೋದು ಚಿನ್ನದ ಹೊರಗಡೆ ಏನು ತಾಗಿದೆ ಅನ್ನೋದರ ಮೇಲೆ ಹೋಗುತ್ತೆ. ನೋಡು" ಎಂದಳು.

ತೊಟ್ಟಿಯಲ್ಲಿ ಶುದ್ಧ ನೀರಿತ್ತು. ಪರದೆಯ ಮೇಲೆ ಬೆಟ್ಟದ ಸಾಲಿನ ಹಾಗೆ ಒಂದು ಗೆರೆ. ಅದರಲ್ಲಿ ಕಿತ್ತಳೆ ಕೆಂಪಿನ ಹತ್ತಿರ ಒಂದು ಕಣಿವೆ. ನೀರು ತೆಗೆದು ಸಕ್ಕರೆ ನೀರು ಬಿಟ್ಟಳು. ಬೆಳಕನ್ನು ಬಾಗಿಸುವ ಗುಣ ನೀರಿಗೆ 1.333 ಆದರೆ, ನೂರಕ್ಕೆ ಹತ್ತು ಪಾಲು ಸಕ್ಕರೆ ಬೆರೆತರೆ 1.348. ಕಣ್ಣಿಗೆ ಎರಡೂ ಒಂದೇ ನೀರು. ನನ್ನ ಕಣ್ಣೆದುರೇ ಆ ಕಣಿವೆ ಕೆಂಪಿನ ಕಡೆಗೆ ಸರಿದು ನಿಂತಿತು. ನಾಲಿಗೆ ಇಲ್ಲದ ಗಾಜಿನ ಕಡ್ಡಿ ಸಿಹಿಯನ್ನು ಹೇಳಿಬಿಟ್ಟಿತ್ತು.

"ಹಾಗಾದರೆ ನೀನು ಓದೋದು ಬಂದ ಬೆಳಕನ್ನಲ್ಲ" ಎಂದೆ.

"ಅಲ್ಲ ಅಮ್ಮ. ಬಾರದೇ ಇದ್ದದ್ದನ್ನ. ಹಾಜರಿ ಪುಸ್ತಕದಲ್ಲಿ ನೀನು ಗೈರುಹಾಜರಿ ಗುರುತು ಮಾಡಲ್ವಾ, ಹಾಗೆ."

ಅವಳು ಸಲೀಸಾಗಿ ಅಂದದ್ದು. ನನಗೆ ಮಾತ್ರ ಕಾಲಿನ ಬಲ ಹೋದಂತಾಗಿ ಸ್ಟೂಲಿನ ಮೇಲೆ ಕೂತೆ.

2007ನೇ ಇಸವಿಯ ಮಾತು. ಒಂಬತ್ತನೆಯ ತರಗತಿಯ ನನ್ನ ಹಾಜರಿ ಪುಸ್ತಕದಲ್ಲಿ 23ನೆಯ ನಂಬರಿನ ಒಬ್ಬ ಹುಡುಗಿ. ಕಿಟಕಿಯ ಪಕ್ಕ ಮೂರನೆಯ ಬೆಂಚು. ಪ್ರಬಂಧ ಬರೆದರೆ ಹಾಳೆ ಸಾಲದು ಎನ್ನುತ್ತಿದ್ದಳು. ದೀಪಾವಳಿ ಕಳೆದು ಶಾಲೆ ತೆರೆದಾಗ ಅವಳು ಬರಲಿಲ್ಲ. ನಾನು 'ಗೈ' ಎಂದು ಬರೆದೆ. ಮರುದಿನವೂ ಬರೆದೆ. ಹದಿನಾಲ್ಕು ದಿನ ಬರೆದೆ. ನನ್ನ ಅಕ್ಷರ ದುಂಡಗಿದೆ, ಹಾಜರಿ ಪುಸ್ತಕ ಇಟ್ಟರೆ ಹೀಗಿಡಬೇಕು ಎಂದು ತಪಾಸಣೆಗೆ ಬಂದವರು ಆ ವರ್ಷವೇ ಹೊಗಳಿದ್ದರು. ಹದಿನೈದನೆಯ ದಿನ ಪಕ್ಕದ ಬೆಂಚಿನ ಹುಡುಗಿ, "ಅವಳಿಗೆ ಮದುವೆ ಆಯ್ತು ಮಿಸ್" ಎಂದಳು. ಹದಿನೈದು ವರ್ಷ ತುಂಬಿರಲಿಲ್ಲ ಅವಳಿಗೆ.

ಎರಡು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು, ಕೊರಳಲ್ಲಿ ಕರಿಮಣಿಯ ನಡುವೆ ಎರಡು ಚಿನ್ನದ ಗುಂಡು. "ಚೆನ್ನಾಗಿದೀರಾ ಮಿಸ್?" ಎಂದು ಅವಳೇ ಮಾತಾಡಿಸಿದಳು. ನನಗೆ ಏನು ಕೇಳಬೇಕೋ ತಿಳಿಯಲಿಲ್ಲ. ಬಸ್ಸು ಬಂತು. ಹತ್ತುವಾಗ ತಿರುಗಿ, "ಆ ವಾರವೆಲ್ಲ ನೋಡ್ತಾ ಇದ್ದೆ ಮಿಸ್, ನೀವು ಯಾರನ್ನಾದರೂ ಕಳಿಸ್ತೀರೇನೋ ಅಂತ" ಎಂದಳು. ಬೈಗುಳದ ದನಿಯಲ್ಲ. ಹಾಗೇ, ಸುಮ್ಮನೆ.

ನಾನು ಹದಿನಾಲ್ಕು ದಿನ ಗುರುತು ಮಾಡಿದ್ದೆ, ಓದಿರಲಿಲ್ಲ.

ಮಗಳಿಗೆ ಇದನ್ನು ಹಿಂದೆ ಎಂದೂ ಹೇಳಿರಲಿಲ್ಲ. ಆ ಕತ್ತಲೆ ಕೋಣೆಯಲ್ಲಿ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಇನ್ನೊಂದು ಕಥೆ ಹೇಳಿದಳು. 1902ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಾಬರ್ಟ್ ವುಡ್ ಎಂಬ ಪ್ರೊಫೆಸರು ಸಣ್ಣ ಗೀರುಗಳನ್ನು ಕೊರೆದ ಲೋಹದ ಹಲಗೆಯ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದಾಗ, ಬಣ್ಣಗಳ ಸಾಲಿನ ನಡುವೆ ಕಪ್ಪು ಪಟ್ಟಿಗಳನ್ನು ಕಂಡನಂತೆ. ಬಣ್ಣ ಬಾರದ ಜಾಗ. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟ, ಕಾರಣ ಹೊಳೆಯಲಿಲ್ಲ. ಲೋಹದ ಮೈಯ ಅಲೆಯನ್ನು ಪಟ್ಟಕದ ಸಹಾಯದಿಂದ ಬೇಕೆಂದಾಗ ಎಬ್ಬಿಸುವ ದಾರಿಯನ್ನು 1968ರಲ್ಲಿ ಜರ್ಮನಿಯ ಓಟ್ಟೊ ಒಂದು ಬಗೆಯಲ್ಲಿ, ಕ್ರೆಚ್‌ಮನ್ ಮತ್ತು ರೇಥರ್ ಇನ್ನೊಂದು ಬಗೆಯಲ್ಲಿ ತೋರಿಸಿದರು. ಅದರಿಂದ ರಕ್ತದಲ್ಲಿರುವಂಥ ಕಣಗಳನ್ನು ಹಿಡಿಯಬಹುದು ಎಂದು 1983ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್‌ನವರು ತೋರಿಸಿದರು. 1993ರಲ್ಲಿ ಸಿಯಾಟಲ್‌ನ ಜಾರ್ಗೆನ್‌ಸನ್ ಮತ್ತು ಯೀ ಪಟ್ಟಕವನ್ನು ಬಿಟ್ಟು ಗಾಜಿನ ಎಳೆಗೇ ಚಿನ್ನ ಹಚ್ಚಿದರು. ನಮ್ಮ ದೇಶದಲ್ಲೂ ದೆಹಲಿಯ ಐಐಟಿಯಲ್ಲಿ ಬಿ. ಡಿ. ಗುಪ್ತಾ ಮತ್ತು ಅವರ ಶಿಷ್ಯರು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. "ಗುರುತು ಮಾಡಿದ್ದನ್ನ ಓದೋದಕ್ಕೆ ಅವರಿಗೂ ಎಷ್ಟು ವರ್ಷ ಬೇಕಾಯ್ತು ನೋಡಮ್ಮ" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಎಂದು ಗೊತ್ತು. ಆ ಹುಡುಗಿಗೆ ಮಾತ್ರ ಅಷ್ಟು ವ್ಯವಧಾನ ಇರಲಿಲ್ಲ.

ರಾತ್ರಿ ಅವಳ ಹಾಸ್ಟೆಲಿನ ಕೋಣೆಯಲ್ಲಿ ಚಟ್ನಿಪುಡಿ ಅನ್ನ ಕಲೆಸಿ ತುತ್ತು ಕೊಟ್ಟೆ. ಮೂರನೆಯ ತುತ್ತಿಗೆ ಅಳು ಬಂತು. ಎಂಟು ತಿಂಗಳಿಂದ ಚಿನ್ನ ನಿಲ್ಲುತ್ತಿಲ್ಲವಂತೆ. ಚಿನ್ನಕ್ಕೂ ಗಾಜಿಗೂ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೇ ಮೊದಲು ಕೆಲವೇ ನ್ಯಾನೋಮೀಟರು ಕ್ರೋಮಿಯಂ ಕೂರಿಸಿ, ಅದರ ಮೇಲೆ ಚಿನ್ನ ಹಚ್ಚುತ್ತಾರೆ. ಎಲ್ಲ ಕ್ರಮ ಪ್ರಕಾರ ಮಾಡಿದರೂ ನೀರಿಗೆ ಹಾಕಿದ ಎರಡು ದಿನಕ್ಕೆ ಹೊಪ್ಪಳೆಯಾಗಿ ಎದ್ದು ಬರುತ್ತಿತ್ತು. ಸಕ್ಕರೆ ನೀರಿನ ಆಟ ಚೆಂದ, ಆದರೆ ಅವಳಿಗೆ ಬೇಕಾದದ್ದು ಅದಲ್ಲ. ಚಿನ್ನದ ಮೇಲೆ ಪ್ರತಿಕಾಯಗಳನ್ನು, ಅಂದರೆ ಒಂದೇ ರೋಗದ ಗುರುತನ್ನು ಹಿಡಿಯುವ ಕೊಂಡಿಗಳನ್ನು, ಕೂರಿಸಬೇಕು. ಆ ಗುರುತು ರಕ್ತದಲ್ಲಿ ಇದ್ದರೆ ಬಂದು ಕೊಂಡಿಗೆ ಸಿಕ್ಕುತ್ತದೆ, ಕಣಿವೆ ಕೂದಲೆಳೆಯಷ್ಟು ಸರಿಯುತ್ತದೆ. ಚಿನ್ನವೇ ಕಿತ್ತು ಬಂದರೆ ಕೊಂಡಿ ಎಲ್ಲಿ ನಿಲ್ಲಬೇಕು? ಜೊತೆಗೆ ಕೋಣೆ ಸ್ವಲ್ಪ ಬಿಸಿಯಾದರೂ ಕಣಿವೆ ಸರಿಯುತ್ತದೆ, ಬೇಡದ ಕಣ ಬಂದು ಕೂತರೂ ಸರಿಯುತ್ತದೆ. ಸರಿದದ್ದು ಯಾಕೆ ಎಂದು ಪ್ರತಿ ಸಲ ವಿಚಾರಿಸಬೇಕು.

"ಇದೇ ತತ್ವದ ದೊಡ್ಡ ಯಂತ್ರ 1990ರಲ್ಲೇ ಸ್ವೀಡನ್ನಿನಿಂದ ಮಾರಾಟಕ್ಕೆ ಬಂತು ಅಮ್ಮ. ಔಷಧಿ ಕಂಪನಿಯವರು ಇಟ್ಟುಕೊಂಡಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಅದು ಬರಲ್ಲ. ಒಂದು ಎಳೆ, ಒಂದು ಬಲ್ಬು, ಇಷ್ಟರಲ್ಲೇ ಆಗಬೇಕು ಅಂತ ಎಲ್ಲರೂ ಒದ್ದಾಡ್ತಿರೋದು. ಅದಕ್ಕೆ ನನ್ನ ಕೈಯಲ್ಲಿ ಚಿನ್ನವೇ ನಿಲ್ತಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನೀನು ಚಿನ್ನ ಚಿನ್ನ ಅಂದಾಗ ಅದಕ್ಕೇ ಸಿಟ್ಟು ಬಂದಿದ್ದು. ಫೋನಿನಲ್ಲಿ ಏನಂತ ಹೇಳಲಿ?" ಎಂದಳು.

ನಾನು ಬುದ್ಧಿ ಹೇಳಲಿಲ್ಲ. ಬಾಯಿಗೆ ಬಂದದ್ದು ಮೂರು ಗಾದೆ, ಮೂರನ್ನೂ ಅನ್ನದ ಜೊತೆ ನುಂಗಿದೆ. ತಲೆಗೆ ಎಣ್ಣೆ ಹಚ್ಚಿದೆ. ನಿದ್ದೆ ಹತ್ತುವ ಮೊದಲು ಅವಳು, "ಅದಿರಲಿ, ನೀನು ಯಾಕೆ ಬಂದೆ ಇದ್ದಕ್ಕಿದ್ದ ಹಾಗೆ?" ಎಂದು ಕೇಳಿದಳು.

"ಮೂರು ಭಾನುವಾರ ಗೈರುಹಾಜರಿ" ಎಂದೆ. ಕತ್ತಲಲ್ಲಿ ಅವಳು ನಕ್ಕದ್ದು ಕೇಳಿಸಿತು.

ಕಾರಣ ಗೊತ್ತಾಗಲು ಮತ್ತೆ ಎರಡು ತಿಂಗಳು ಹಿಡಿಯಿತು. ಸಿಪ್ಪೆ ಸುಲಿದ ಮೇಲೆ ಗಾಜಿನ ಮೈಗೆ ಅಂಟಿ ಉಳಿದ, ಕಣ್ಣಿಗೆ ಕಾಣದ ಜಿಡ್ಡು. ತೊಳೆಯುವ ಕ್ರಮ ಬದಲಾಯಿಸಿದಳು, ಚಿನ್ನ ನಿಂತಿತು. ಆ ಭಾನುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಫೋನು. ವಿಷಯ ತಿಳಿದ ನಮ್ಮತ್ತೆ, "ಜಿಡ್ಡು ಪಾತ್ರೆಗೆ ಕಲಾಯಿ ಹತ್ತುತ್ತದೇನೇ? ನನ್ನನ್ನ ಕೇಳಿದ್ದರೆ ನಾನೇ ಹೇಳ್ತಿದ್ದೆ" ಎಂದರು. ತಾಮ್ರದ ಪಾತ್ರೆಗೆ ತಿಕ್ಕಿ ತೊಳೆದೇ ಕಲಾಯಿ ಹಾಕಿಸಿದ ತಲೆಮಾರು ಅವರದು. ಮಗಳು ಇದನ್ನು ತನ್ನ ಲ್ಯಾಬಿನವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅಂದುಕೊಂಡ ರೋಗದ ಗುರುತನ್ನು ಎಳೆ ಇನ್ನೂ ಪೂರ್ತಿ ನಂಬಿಕೆಯಿಂದ ಹಿಡಿಯುತ್ತಿಲ್ಲ. ಹಿಡಿಯುವ ದಿನ ಬಂದರೂ ಅದು ನಮ್ಮ ಊರಿನ ಆಸ್ಪತ್ರೆಯ ಮೇಜಿಗೆ ಬರುವುದಕ್ಕೆ ಬಹಳ ದಾರಿ ಇದೆ ಎಂದು ಅವಳೇ ಹೇಳುತ್ತಾಳೆ. ಹುಡುಗನ ಕಡೆಯವರಿಗೆ, ಓದು ಮುಗಿದಾಗ ಮುಗಿಯುತ್ತದೆ ಎಂದು ನಾನೇ ಫೋನು ಮಾಡಿ ತಿಳಿಸಿದೆ. ಮತ್ತೆ ಅವರು ಮಾತಾಡಲಿಲ್ಲ. ಮುಂದಿನ ಅಕ್ಷಯ ತದಿಗೆಗೆ ಇಪ್ಪತ್ತೆಂಟನೆಯ ನಾಣ್ಯವನ್ನೂ ತಂದೆ. ಪದ್ಧತಿ ಬಿಡಲು ಮನಸ್ಸಿಲ್ಲ. ಆದರೆ ಡಬ್ಬಿಯ ಬೀಗದ ಕೈಯನ್ನು ಅವಳ ಕೈಗೇ ಕೊಟ್ಟೆ. ಕೊರಳಿಗೋ ಗಾಜಿಗೋ, ಅವಳು ನೋಡಿಕೊಳ್ಳಲಿ.

ನನ್ನ ಹಾಜರಿ ಪುಸ್ತಕದಲ್ಲಿ ಈಗ ಒಂದು ಕ್ರಮ ಇದೆ. ಎರಡು 'ಗೈ' ಆದರೆ ಪಕ್ಕದ ಬೆಂಚಿನವರನ್ನು ಕೇಳುತ್ತೇನೆ. ಮೂರಾದರೆ ಮನೆಗೇ ಹೋಗುತ್ತೇನೆ. ಹೆಚ್ಚಿನ ಸಲ ಜ್ವರ, ನೆಂಟರ ಮನೆ, ಇಲ್ಲವೇ ಹೋಂವರ್ಕ್ ಮಾಡದ ಭಯ. ಮಿಸ್ಸು ಬಾಗಿಲಿಗೆ ಬಂದರೆಂದು ಕಾಫಿ ಕೊಡುತ್ತಾರೆ, ಕುಡಿದು ಬರುತ್ತೇನೆ. ಎರಡು ಸಲ ಮಾತ್ರ ಕಾಫಿ ಸಿಕ್ಕಲಿಲ್ಲ, ಬೈಗುಳ ಸಿಕ್ಕಿತು. ಆ ಇಬ್ಬರು ಹುಡುಗಿಯರೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದರು.

ಇವತ್ತು 31ನೆಯ ನಂಬರಿನವಳು ಬಾರದ ಮೂರನೆಯ ದಿನ. ಶಾಲೆ ಬಿಟ್ಟ ಮೇಲೆ ಕೆರೆ ಏರಿಯ ಆಚೆ ಅವರ ಮನೆಯವರೆಗೆ ನಡೆಯಬೇಕು. ಜ್ವರವೇ ಆಗಿರಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದೇನೆ.